ನಿಂತಲ್ಲೇ ಸೋರಿದ ಕಾರು

ಅಪ್ಪನ ಕಾರಿಗೆ ಆರು ವರ್ಷ. ಮೀಟರ್ ನೋಡಿದರೆ 14,300 ಕಿಲೋಮೀಟರ್. ಬೆಂಗಳೂರಿನ ಕ್ಯಾಬ್‌ನವರು ಇಷ್ಟನ್ನು ಮೂರ್ನಾಲ್ಕು ತಿಂಗಳಲ್ಲಿ ಓಡಿಸಿ ಬಿಸಾಕ್ತಾರೆ. ಸಾಗರದ ನಮ್ಮ ಮನೆ ಪಕ್ಕದ ತಗಡಿನ ಮಾಡಿನ ಕೆಳಗೆ, ಮೈತುಂಬ ಕವರ್ ಹೊದ್ದುಕೊಂಡು ಅದು ನಿಂತಿರುತ್ತಿತ್ತು. ಭಾನುವಾರ ಪೇಟೆಗೆ, ಯಾರದ್ದಾದರೂ ಮದುವೆ ಮುಂಜಿಗೆ, ವರ್ಷಕ್ಕೊಮ್ಮೆ ಹೊರನಾಡಿಗೆ. ಅಷ್ಟೇ. ನಲವತ್ತರ ಮೇಲೆ ಮುಳ್ಳು ಹೋದದ್ದನ್ನು ನಾನಂತೂ ನೋಡಿಲ್ಲ. ‘ಇನ್ನೂ ಹೊಸದು ಕಣೋ, ಸೀಟಿನ ಪ್ಲಾಸ್ಟಿಕ್ ವಾಸನೆ ಹೋಗಿಲ್ಲ’ ಅನ್ನೋದು ಅಪ್ಪನ ಹೆಮ್ಮೆ.

ಕಣ್ಣಿನ ಪೊರೆ ಆಪರೇಷನ್‌ಗೆ ಅಪ್ಪನನ್ನು ಬೆಂಗಳೂರಿಗೆ ಕರೆತರುವಾಗ ಆ ಕಾರನ್ನು ನಾನೇ ಓಡಿಸಿದೆ. ತರೀಕೆರೆ ದಾಟೋ ಹೊತ್ತಿಗೇ ಏನೋ ಸರಿಯಿಲ್ಲ ಅನ್ನಿಸಿತು. ಒಂದು ಹಂಪ್ ಹತ್ತಿಳಿದರೆ ಹಿಂಭಾಗ ದೋಣಿಯ ಹಾಗೆ ಮೂರು ಸಲ ತೂಗಾಡೋದು. ಮನೆಗೆ ಬಂದು, ಬೇಸ್‌ಮೆಂಟಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಮೈಮೇಲೆ ಎಣ್ಣೆ ಇಳಿದು, ಅದರ ಮೇಲೆ ಧೂಳು ಕೂತು, ಕರೀ ಕೆಸರಿನ ಹಾಗೆ ಮೆತ್ತಿಕೊಂಡಿತ್ತು.

ಮರುದಿನ ಸರ್ವೀಸ್ ಸೆಂಟರ್‌ಗೆ ಒಯ್ದೆವು. ಯಾವುದು ಅಂತ ಹೇಳಲ್ಲ, ಎಲ್ಲ ಕಡೆಯೂ ಅದೇ ಸೋಫಾ, ಅದೇ ಕಾಫಿ ಮೆಷಿನ್ನು. ಅಲ್ಲಿನ ಹುಡುಗ ಟ್ಯಾಬ್ ಮೇಲೆ ಬೆರಳಾಡಿಸುತ್ತಾ, ‘ಇಷ್ಟು ಕಮ್ಮಿ ಕಿಲೋಮೀಟರ್‌ಗೆ ಶಾಕ್ಸ್ ಹೋಗಲ್ಲ ಸಾರ್. ರಫ್ ಆಗಿ ಓಡಿಸಿದ್ದಾರೆ. ಹಳ್ಳ ನೋಡದೆ ಇಳಿಸಿರ್ತಾರೆ, ವಯಸ್ಸಾದವರಲ್ವಾ’ ಅಂದ. ವಾರಂಟಿ? ವರ್ಷವೋ ಕಿಲೋಮೀಟರೋ, ಯಾವುದು ಮೊದಲೋ ಅದು. ವರ್ಷ ಎಂದೋ ಮುಗಿದಿತ್ತು.

ಅಪ್ಪ ಪಕ್ಕದಲ್ಲೇ, ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದರು. ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ಊಟ ಆದಮೇಲೆ ಕಾರಿನ ಕೀ ತಂದು ನನ್ನ ಲ್ಯಾಪ್‌ಟಾಪ್ ಪಕ್ಕ ಇಟ್ಟು, ‘ಇನ್ನು ಇದನ್ನ ನೀನೇ ಇಟ್ಕೋ. ನನಗೆ ಹಳ್ಳ ಕಾಣಿಸ್ತಿರಲಿಲ್ಲ ಅನ್ಸತ್ತೆ’ ಅಂದರು.

ನಲವತ್ತು ವರ್ಷ ಗಾಡಿ ಓಡಿಸಿದ ಮನುಷ್ಯ. ನನಗೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಅದಕ್ಕೇ ಹುಡುಕೋಕೆ ಕೂತೆ, ಓಡದ ಕಾರಿನ ಶಾಕ್ ಅಬ್ಸಾರ್ಬರ್ ಸೋರೋದು ಯಾಕೆ ಅಂತ. ಉತ್ತರ ಹುಡುಕುತ್ತಾ ನೂರಿಪ್ಪತ್ತು ವರ್ಷ ಹಿಂದೆ ಹೋಗಿಬಿಟ್ಟೆ.

ಮೊದಲಿಗೆ, ಹೆಸರೇ ತಪ್ಪು. ಶಾಕ್ ತಿನ್ನೋದು ಶಾಕ್ ಅಬ್ಸಾರ್ಬರ್ ಅಲ್ಲ, ಸ್ಪ್ರಿಂಗು. ಚಕ್ರ ಕಲ್ಲು ಹತ್ತಿದಾಗ ಸ್ಪ್ರಿಂಗ್ ಕುಗ್ಗಿ ಆ ಪೆಟ್ಟನ್ನು ನುಂಗುತ್ತೆ. ಆದರೆ ನುಂಗಿದ್ದನ್ನು ಅದು ಇಟ್ಟುಕೊಳ್ಳಲ್ಲ, ವಾಪಸ್ ಎಸೆಯುತ್ತೆ. ಮತ್ತೆ ಕುಗ್ಗುತ್ತೆ, ಮತ್ತೆ ಎಸೆಯುತ್ತೆ. ಈ ಕುಣಿತವನ್ನು ಹಿಡಿದು ನಿಲ್ಲಿಸಿ, ಅದರ ಶಕ್ತಿಯನ್ನು ಬಿಸಿಯಾಗಿ ಕರಗಿಸೋದು ಶಾಕ್ ಅಬ್ಸಾರ್ಬರ್ ಕೆಲಸ. ಇಂಗ್ಲೆಂಡಿನವರು ಅದನ್ನು ‘ಡ್ಯಾಂಪರ್’ ಅಂತಾರೆ, ಅದೇ ಸರಿ. ಆದರೆ ನಮ್ಮ ಗ್ಯಾರೇಜಿನಲ್ಲಿ ಡ್ಯಾಂಪರ್ ಅಂದರೆ ಯಾರೂ ತಿರುಗಿ ನೋಡಲ್ಲ.

ಕುದುರೆ ಸಾರೋಟಿನ ಕಾಲದಲ್ಲಿ ಇದರ ಅಗತ್ಯ ಅಷ್ಟಾಗಿ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಲಂಡನ್ನಿನ ಒಬಡಯ ಎಲಿಯಟ್ ಅನ್ನುವವನು ಕಬ್ಬಿಣದ ಕಮಾನ್ ಪಟ್ಟಿಗಳನ್ನು ಸಾರೋಟಿಗೆ ಕಟ್ಟಿದ್ದ. ಪಟ್ಟಿಯ ಮೇಲೆ ಪಟ್ಟಿ ಜೋಡಿಸಿದ್ದರಿಂದ ಅವು ಒಂದಕ್ಕೊಂದು ಉಜ್ಜಿ, ಕುಣಿತ ತಾನಾಗೇ ಒಂದಿಷ್ಟು ತಗ್ಗುತ್ತಿತ್ತು. ಲಾರಿಗಳಲ್ಲಿ ಇವತ್ತಿಗೂ ಹಾಗೇ. ಮೋಟಾರು ಬಂದು ವೇಗ ಏರಿದಾಗ ಈ ಉಜ್ಜಾಟ ಸಾಲದಾಯಿತು. ಮೂವತ್ತು ನಲವತ್ತು ಮೈಲಿ ವೇಗದಲ್ಲಿ ಹಳ್ಳ ಹಾರಿದರೆ ಚಕ್ರ ನೆಲ ಬಿಡೋದು, ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ಫ್ರಾನ್ಸಿನ ಟ್ರುಫೋ ಇದಕ್ಕೊಂದು ಉಪಾಯ ಮಾಡಿದ. ಮೊದಲು ಸೈಕಲ್ಲಿಗೆ, ಆಮೇಲೆ ಕಾರಿಗೆ. ಕತ್ತರಿಯ ಹಾಗೆ ಎರಡು ತೋಳು, ಕೂಡುವಲ್ಲಿ ಬಿಲ್ಲೆಗಳು, ಮಧ್ಯೆ ಚರ್ಮ. ಬೋಲ್ಟ್ ಬಿಗಿ ಮಾಡಿದಷ್ಟೂ ಉಜ್ಜಾಟ ಜಾಸ್ತಿ. ಎಡ್ವರ್ಡ್ ಹಾರ್ಟ್‌ಫರ್ಡ್ ಅನ್ನೋ ಅಮೆರಿಕನ್ 1900ರ ದಶಕದ ಆರಂಭದಲ್ಲಿ ಇದನ್ನು ತನ್ನ ದೇಶಕ್ಕೆ ಒಯ್ದು ವ್ಯಾಪಾರ ಮಾಡಿದ. ಒಳ್ಳೆಯದೇ, ಆದರೆ ಉಜ್ಜಾಟದ ಸ್ವಭಾವ ಉಲ್ಟಾ. ಸಣ್ಣ ಕಲ್ಲಿಗೆ ಬಿಗಿಯಾಗಿ ಹಿಡಿದುಕೊಂಡು ಕೂರುತ್ತೆ, ದೊಡ್ಡ ಹಳ್ಳಕ್ಕೆ ಕೈ ಬಿಡುತ್ತೆ. ನಮಗೆ ಬೇಕಾದದ್ದು ಮೆಲ್ಲಗೆ ಬಂದರೆ ಮೆಲ್ಲಗೆ, ಜೋರಾಗಿ ಬಂದರೆ ಜೋರಾಗಿ ತಡೆಯುವಂಥದ್ದು.

ಆ ಗುಣ ಎಣ್ಣೆಗಿದೆ. ಸಣ್ಣ ತೂತಿನಲ್ಲಿ ಎಣ್ಣೆಯನ್ನು ನಿಧಾನ ತಳ್ಳಿ, ಹೋಗುತ್ತೆ. ಜೋರಾಗಿ ತಳ್ಳಿ, ಗೋಡೆಯ ಹಾಗೆ ಎದುರು ನಿಲ್ಲುತ್ತೆ. ಮತ್ತೊಬ್ಬ ಫ್ರೆಂಚ್ ಮನುಷ್ಯ ಮೊರೀಸ್ ಊದಾಯ್ ಶತಮಾನದ ಮೊದಲ ದಶಕದಲ್ಲೇ ಎಣ್ಣೆ ತುಂಬಿದ ಡಬ್ಬಿಯೊಳಗೆ ರೆಕ್ಕೆ ತಿರುಗುವ ಡ್ಯಾಂಪರ್ ಮಾಡಿದ್ದ. ಫೋರ್ಡಿನ ಮಾಡೆಲ್ ಟಿ ಇಂಥದ್ದೇನೂ ಇಲ್ಲದೆ ಕಾರ್ಖಾನೆಯಿಂದ ಕುಣಿಯುತ್ತಾ ಹೊರಬರುತ್ತಿತ್ತು. 1927ರ ಕೊನೆಗೆ ಬಂದ ಮಾಡೆಲ್ ಎ ನಾಲ್ಕೂ ಮೂಲೆಗೆ ಊದಾಯ್ ಡ್ಯಾಂಪರ್ ಹೊತ್ತು ಬಂತು. ಎಣ್ಣೆ ಡ್ಯಾಂಪರ್ ಶ್ರೀಮಂತರ ಕಾರಿನಿಂದ ಸಾಮಾನ್ಯರ ಕಾರಿಗೆ ಇಳಿದದ್ದು ಹೀಗೆ.

ಇಲ್ಲಿ ನನಗೆ ಬೇಕಾದ ಮೊದಲ ಸಾಕ್ಷಿ ಸಿಕ್ಕಿತು. ಆ ಕಾಲದ ತೋಳಿನ ಡ್ಯಾಂಪರ್‌ಗಳ ತಲೆಯ ಮೇಲೆ ಒಂದು ಬಿರಡೆ ಇರುತ್ತಿತ್ತು, ಎಣ್ಣೆ ತುಂಬಿಸೋಕೆ. ಮಾರಿಸ್ ಮೈನರ್‌ನಂಥ ಬ್ರಿಟಿಷ್ ಕಾರುಗಳಲ್ಲಿ ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷ ಆದಮೇಲೂ ಅದೇ ವ್ಯವಸ್ಥೆ. ಅಂದರೆ ಸೋರೋದು ಆಗ ಅಪರಾಧವೇ ಅಲ್ಲ. ಎಣ್ಣೆ ಅಂದಮೇಲೆ ಸೋರುತ್ತೆ, ಸೋರಿದರೆ ತುಂಬಿಸು. ಯಾರೂ ಮಾಲೀಕನ ಕಡೆ ಬೆರಳು ತೋರಿಸಿ ‘ನೀನು ಹೇಗೆ ಓಡಿಸಿದೆ’ ಅಂತ ಕೇಳುತ್ತಿರಲಿಲ್ಲ.

ಹಾಗಾದರೆ ಸೋರೋದು ತಪ್ಪಾದದ್ದು ಯಾವಾಗ? ಡ್ಯಾಂಪರ್ ಉದ್ದನೆಯ ಕೊಳವೆಯಾದಾಗ. ಅಮೆರಿಕದ ಮನ್ರೋ ಊರಿನಲ್ಲಿ 1916ರಲ್ಲಿ ಟೈರಿಗೆ ಗಾಳಿ ಹೊಡೆಯೋ ಪಂಪು ಮಾಡುವ ಕಂಪನಿಯೊಂದು ಹುಟ್ಟಿತು. 1926ಕ್ಕೆ ಅವರು ಶಾಕ್ ಅಬ್ಸಾರ್ಬರ್‌ಗೆ ಕೈ ಹಾಕಿದರು. ಯೋಚಿಸಿದರೆ ಸಹಜವೇ. ಸೈಕಲ್ ಪಂಪಿನ ಒಳಗೆ ಗಾಳಿ ಬದಲು ಎಣ್ಣೆ ಹಾಕಿ, ವಾಶರ್‌ಗೆ ಸಣ್ಣ ತೂತು ಕೊರೆದರೆ ಇವತ್ತಿನ ಶಾಕ್ ಅಬ್ಸಾರ್ಬರ್‌ನ ಮೂಲಭೂತ ಆಕಾರ ಬಂದುಬಿಡುತ್ತೆ. ಒಂದು ಸಿಲಿಂಡರ್, ಒಳಗೆ ಪಿಸ್ಟನ್, ಪಿಸ್ಟನ್‌ಗೊಂದು ರಾಡು. ಕಾರ್ಖಾನೆಯಲ್ಲಿ ಎಣ್ಣೆ ತುಂಬಿ, ಬಾಯಿ ಮಡಚಿ, ಶಾಶ್ವತವಾಗಿ ಮುಚ್ಚೋದು. ಅಗ್ಗ, ಹಗುರ, ಬಿರಡೆ ಇಲ್ಲ, ಎಣ್ಣೆ ಹಾಕೋ ರಗಳೆ ಇಲ್ಲ.

ಆದರೆ ರಾಡು ಹೊರಗೆ ಬರಬೇಕಲ್ಲ? ಇಡೀ ಕಥೆ ಇರೋದು ಆ ಒಂದು ತೂತಿನಲ್ಲಿ. ರಾಡು ಸಲೀಸಾಗಿ ಒಳಗೂ ಹೊರಗೂ ಓಡಾಡಬೇಕು, ಎಣ್ಣೆ ಮಾತ್ರ ಒಳಗೇ ಇರಬೇಕು, ಹೊರಗಿನ ಕೆಸರು ಹೊರಗೇ ಇರಬೇಕು. ಈ ಮೂರನ್ನೂ ಮಾಡುವವನು ನಮ್ಮ ಕಿರುಬೆರಳ ಉಂಗುರದಷ್ಟಿರುವ ಆಯಿಲ್ ಸೀಲು.

ಸೀಲು ಮೊದಮೊದಲು ಚರ್ಮದ್ದು. ಜರ್ಮನಿಯ ವೈನ್‌ಹೈಮ್‌ನಲ್ಲಿ 1849ರಿಂದ ಚರ್ಮ ಹದ ಮಾಡುತ್ತಿದ್ದ ಫ್ರಾಯ್ಡನ್‌ಬರ್ಗ್ ಅನ್ನುವ ಸಂಸ್ಥೆ, 1929ರ ಆರ್ಥಿಕ ಕುಸಿತದ ಹೊತ್ತಿಗೆ ಮೋಟಾರುಗಳಿಗೆ ಚರ್ಮದ ಸೀಲು ಮಾಡೋಕೆ ತೊಡಗಿತು. ಚರ್ಮ ಒಣಗುತ್ತೆ, ಬಿಸಿಗೆ ಬಿರಿಯುತ್ತೆ. ರಬ್ಬರ್ ಹಾಕೋಣ ಅಂದರೆ ಮರದಿಂದ ಬರುವ ರಬ್ಬರು ಎಣ್ಣೆ ಕುಡಿದು ಊದಿಕೊಳ್ಳುತ್ತೆ. 1930ರ ದಶಕದಲ್ಲಿ ಜರ್ಮನ್ನರು ಎಣ್ಣೆಗೆ ಜಗ್ಗದ ನೈಟ್ರೈಲ್ ರಬ್ಬರನ್ನು ಕಂಡುಹಿಡಿದರು. ಅದಕ್ಕೂ ಸ್ವಲ್ಪ ಮುಂಚೆ, 1920ರ ದಶಕದಲ್ಲಿ, ಉಕ್ಕಿನ ಮೇಲೆ ಕ್ರೋಮ್ ಲೇಪಿಸುವ ವಿದ್ಯೆ ಕಾರ್ಖಾನೆಗಳಿಗೆ ಬಂದಿತ್ತು. ಕನ್ನಡಿಯಂಥ ರಾಡು, ಅದನ್ನು ತುಟಿಯಿಂದ ಅಪ್ಪಿಕೊಂಡಿರೋ ರಬ್ಬರ್ ಸೀಲು. ಇವತ್ತು ನಿಮ್ಮ ಕಾರಿನ ಕೆಳಗಿರೋದೂ ಈ ಜೋಡಿಯೇ.

ಈ ಜೋಡಿಯ ಸಂಸಾರ ನಿಂತಿರೋದು ಓಡಾಟದ ಮೇಲೆ. ರಾಡು ಪ್ರತಿಸಲ ಹೊರಬಂದಾಗ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆ ಪೊರೆಯನ್ನು ಹೊತ್ತು ತರುತ್ತೆ. ಆ ಪೊರೆ ಸೀಲಿನ ತುಟಿಯನ್ನು ಒದ್ದೆ ಇಡುತ್ತೆ, ರಾಡಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತೆ. (ಅದಕ್ಕೇ ಶಾಕ್ ಅಬ್ಸಾರ್ಬರ್ ಮೈಮೇಲೆ ಒಂದಿಷ್ಟು ತೇವ ಕಂಡ ಕೂಡಲೇ ಗಾಬರಿ ಬೀಳಬೇಡಿ. ಒರೆಸಿ, ಕೆಲವು ದಿನ ಓಡಿಸಿ, ಮತ್ತೆ ನೋಡಿ. ಹನಿಯಾಗಿ ಇಳಿದು ಕೆಳಗಿನ ಬುಷ್‌ವರೆಗೆ ಬಂದಿದ್ದರೆ ಅದು ಸೋರಿಕೆ. ಬರೀ ಮಂಜಿನ ಹಾಗೆ ಮೇಲ್ಭಾಗದಲ್ಲಿ ಮಾತ್ರ ಇದ್ದರೆ, ಅದು ಉಸಿರಾಟ.) ಕಾರು ತಿಂಗಳುಗಟ್ಟಲೆ ನಿಂತರೆ ಪೊರೆ ಇಳಿದುಹೋಗುತ್ತೆ. ತುಟಿ ಒಂದೇ ಜಾಗದಲ್ಲಿ ಒತ್ತಿಕೊಂಡು ಆಕಾರ ಕಳೆದುಕೊಳ್ಳುತ್ತೆ. ರಬ್ಬರು ಓಡಿದರೂ ನಿಂತರೂ ಮುದಿಯಾಗುತ್ತೆ, ಅದಕ್ಕೆ ಮೀಟರ್ ಓದೋಕೆ ಬರಲ್ಲ. ಇನ್ನು ಕ್ರೋಮ್ ನೋಡೋಕೆ ನುಣುಪಾದರೂ ಸೂಕ್ಷ್ಮದರ್ಶಕದಲ್ಲಿ ಬಿರುಕು ಬಿಟ್ಟ ಕೆರೆಯಂಗಳದ ಹಾಗಿರುತ್ತೆ. ತೇವ ಆ ಬಿರುಕಿಗಿಳಿದರೆ ಅಡಿಯ ಉಕ್ಕು ತುಕ್ಕು ಹಿಡಿದು ಮೇಲಿನ ಕ್ರೋಮನ್ನು ಎಬ್ಬಿಸುತ್ತೆ. ಆಮೇಲೆ ಒಂದು ದಿನ ಯಾರೋ ಕವರ್ ತೆಗೆದು ಕಾರು ಹೊರಡಿಸುತ್ತಾರೆ. ಮೊದಲ ಹಳ್ಳದಲ್ಲೇ ಆ ಒರಟು ರಾಡು ಅರದ ಹಾಗೆ ಸೀಲಿನ ತುಟಿಯನ್ನು ಕೆರೆಯುತ್ತೆ.

ಸಾಗರದ ಮಳೆಗಾಲ ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ನಮ್ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿ, ದೇವರ ಕೋಣೆಯ ಪುಸ್ತಕ, ಎಲ್ಲಕ್ಕೂ ಬೂಷ್ಟು. ಅದರ ಮೇಲೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ನಿಂತ ಕಾರು ಆ ಮಳೆಗಾಲ ಪೂರ್ತಿ ಅಲ್ಲಾಡಿರಲಿಲ್ಲ. ಗಾಳಿಯಾಡದ ಕವರ್‌ನೊಳಗೆ ಬೆವರುತ್ತಾ ನಿಂತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲೂ ವರ್ಕ್ ಫ್ರಂ ಹೋಮ್ ಶುರುವಾದಂದಿನಿಂದ ಧೂಳು ಹೊದ್ದು ಕೂತ ಕಾರುಗಳು ಎಷ್ಟಿಲ್ಲ.

ಓಡದ ಗಾಡಿಗೆ ತೇವವೇ ಶತ್ರು ಅನ್ನೋದನ್ನು ಕಾರು ಕಂಪನಿಯೊಂದು ದುಬಾರಿ ಬೆಲೆ ತೆತ್ತು ಕಲಿತದ್ದೂ ಉಂಟು. ಫ್ರಾನ್ಸಿನ ಸಿಟ್ರಾನ್ 1955ರ ಪ್ಯಾರಿಸ್ ಪ್ರದರ್ಶನದಲ್ಲಿ ಡಿಎಸ್ ಅನ್ನೋ ಕಾರು ತಂದಿತು. ಉಕ್ಕಿನ ಸ್ಪ್ರಿಂಗೇ ಇಲ್ಲ, ನಾಲ್ಕೂ ಚಕ್ರಕ್ಕೆ ಅನಿಲ ತುಂಬಿದ ಗೋಲ, ಅದನ್ನು ಒತ್ತುವ ದ್ರವ. ಬ್ರೇಕು, ಸ್ಟೇರಿಂಗಿಗೂ ಅದೇ ದ್ರವ. 1962ರ ಆಗಸ್ಟ್‌ನಲ್ಲಿ ಅಧ್ಯಕ್ಷ ಡಿಗಾಲ್ ಮೇಲೆ ಗುಂಡಿನ ದಾಳಿ ಆದಾಗ ಟೈರು ಹೋದ ಡಿಎಸ್ ಅವರನ್ನು ಹೊತ್ತು ಪಾರಾಯಿತು. ಅಂಥ ಕಾರು. ಆದರೆ ಅದರ ಕೆಂಪು ದ್ರವಕ್ಕೆ ಗಾಳಿಯ ತೇವ ಹೀರುವ ಚಟ. ಹೀರಿದ ನೀರು ಒಳಗಿನ ಲೋಹವನ್ನು ತಿನ್ನುತ್ತಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ಸಿಟ್ರಾನ್ ಆ ದ್ರವವನ್ನೇ ಕೈಬಿಟ್ಟು ಹಸಿರು ಬಣ್ಣದ ಖನಿಜ ತೈಲಕ್ಕೆ ಬದಲಾಯಿತು. ದ್ರವ ಬದಲಾದರೆ ಸೀಲಿನ ರಬ್ಬರೂ ಬದಲಾಗಬೇಕು. ಕೆಂಪಿನದಕ್ಕೆ ಹಸಿರು ಸುರಿದರೆ ಸೀಲುಗಳು ಹಾಳು. ತಪ್ಪು ಇದ್ದದ್ದು ದ್ರವದಲ್ಲಿ, ಡ್ರೈವರಿನಲ್ಲಿ ಅಲ್ಲ.

ನಮ್ಮ ದೇಶಕ್ಕೆ ಈ ಕೊಳವೆ ಬಂದ ದಾರಿಯೂ ಚೆನ್ನಾಗಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕ್ಲಾಡ್ ಫಾಸ್ಟರ್ ಅನ್ನುವವನು ಎಂಜಿನ್ ಹೊಗೆಯಿಂದಲೇ ಊದುವ ಕಾರಿನ ತುತ್ತೂರಿ ಮಾಡುತ್ತಿದ್ದ. ತುತ್ತೂರಿ ಊದುವ ದೇವದೂತ ಗೇಬ್ರಿಯಲ್‌ನ ಹೆಸರು ಅದಕ್ಕೆ. ಆಮೇಲೆ ಆ ಕಂಪನಿ ಕುಣಿತ ತಡೆಯುವ ಬೆಲ್ಟಿನ ಸಾಧನಕ್ಕೆ ಹೊರಳಿತು. ತುತ್ತೂರಿ ಮರೆತುಹೋಯಿತು, ದೇವದೂತನ ಹೆಸರು ಮಾತ್ರ ಉಳಿದು, 1961ರಲ್ಲಿ ಮುಂಬೈಯಲ್ಲಿ ಗೇಬ್ರಿಯಲ್ ಇಂಡಿಯಾ ಆಯಿತು. ಅದೇ ವರ್ಷಗಳಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಟ್ಟತೊಡಗಿತು. ಬೈಕಿನ ಮುಂದಿನ ಫೋರ್ಕೂ ಎಣ್ಣೆ ಕೊಳವೆಯೇ, 1935ರಲ್ಲಿ ಬಿಎಂಡಬ್ಲ್ಯು ತನ್ನ ಆರ್12 ಬೈಕಿಗೆ ಹಾಕಿದ ಮೇಲೆ ಜಗತ್ತೆಲ್ಲ ಹಬ್ಬಿದ್ದು. ಬೈಕ್ ಇಟ್ಟವರಿಗೆಲ್ಲ ಫೋರ್ಕಿನ ಆಯಿಲ್ ಸೀಲ್ ಗೊತ್ತು. ಹೋದರೆ ಬಿಚ್ಚು, ಹೊಸ ಸೀಲ್ ಹಾಕು, ಎಣ್ಣೆ ತುಂಬು. ಹಳೇ ಮಾರಿಸ್‌ನ ಬಿರಡೆಯ ನ್ಯಾಯ ಬೈಕಿನಲ್ಲಿ ಇನ್ನೂ ಉಳಿದಿದೆ. ಕಾರಿನಲ್ಲಿ ಬಾಯಿ ಮಡಚಿದ ಕೊಳವೆ ಗೆದ್ದಿತು, ಸೋರಿದರೆ ಬಿಸಾಡು. ಬಿಸಾಡುವ ವಸ್ತುವಿಗೆ ಆಯುಸ್ಸು ಬೇಕು, ಆಯುಸ್ಸಿಗೆ ಅಳತೆ ಬೇಕು. 80,000 ಕಿಲೋಮೀಟರ್ ಅಂತ ಬಾಯಿಪಾಠದ ಲೆಕ್ಕವೊಂದು ಚಾಲ್ತಿಗೆ ಬಂತು. ಆ ಸರ್ವೀಸ್ ಸೆಂಟರ್ ಹುಡುಗ ನಂಬಿದ್ದು ಅದನ್ನೇ. 14,300ಕ್ಕೆ ಹೋಗಿದೆ ಅಂದರೆ ಡ್ರೈವರೇ ಕಾರಣ. ಅವನ ಟ್ಯಾಬ್‌ನಲ್ಲಿ ಮಳೆಗಾಲಕ್ಕೆ ಕಾಲಂ ಇಲ್ಲ.

ಇಷ್ಟೆಲ್ಲ ಓದಿಕೊಂಡು ಅಪ್ಪನಿಗೆ ಹೇಳಿದೆ. ‘ಪುಸ್ತಕದಲ್ಲಿ ಏನು ಬೇಕಾದ್ರೂ ಬರೀತಾರೆ’ ಅಂದರು. ಸರಿ, ಶನಿವಾರ ಅವರನ್ನೂ ಕೂರಿಸಿಕೊಂಡು ಜೆ.ಸಿ. ರೋಡ್ ಹತ್ತಿರದ ಒಂದು ಗಲ್ಲಿಗೆ ಹೋದೆ. ಅಲ್ಲೊಬ್ಬರು ಹಳೇ ಕೈ, ಎಲ್ಲರೂ ಭಾಯ್ ಅಂತಾರೆ. ಲಾರಿ, ಬೈಕು, ಆಟೋಗಳ ಶಾಕ್ ಬಿಚ್ಚೋದರಲ್ಲೇ ಬೆರಳು ಕಪ್ಪಾದವರು. ಹಿಂದಿನ ಎರಡನ್ನೂ ಬಿಚ್ಚಿ, ಮೇಲಿನ ರಬ್ಬರ್ ಟೋಪಿ ಸರಿಸಿ, ಹಳೇ ಬನಿಯನ್ನಿನಲ್ಲಿ ರಾಡು ಒರೆಸಿದರು. ಬೆಳ್ಳಿಯ ಹಾಗೆ ಹೊಳೆಯೋ ರಾಡಿನ ಮೇಲೆ, ಕಾರು ನಿಂತಾಗ ಸೀಲು ಎಲ್ಲಿರುತ್ತೋ ಅದರ ಒಂಚೂರು ಮೇಲೆ, ಕಂದು ಬಣ್ಣದ ಒಂದು ಉಂಗುರ. ಎರಡರಲ್ಲೂ ಒಂದೇ ಎತ್ತರದಲ್ಲಿ.

‘ಇದು ಓಡಿ ಹೋಗಿರೋದಲ್ಲ ಸಾರ್, ನಿಂತು ಹೋಗಿರೋದು’ ಅಂದರು ಭಾಯ್.

ಅಪ್ಪ ಕನ್ನಡಕ ಮೇಲೆತ್ತಿ, ರಾಡನ್ನು ಕೈಗೆ ತಗೊಂಡು ಆ ಉಂಗುರದ ಮೇಲೆ ಉಗುರು ಎಳೆದರು. ಕಿರ್ ಅಂತು. ‘ಹಳ್ಳಕ್ಕೆ ಇಳಿಸಿದ್ರೆ?’ ಅಂತ ಕೇಳಿದರು.

‘ಹಳ್ಳಕ್ಕೆ ಹಾಕಿ ಹೊಡೆದಿದ್ರೆ ರಾಡ್ ಬಗ್ಗಿರೋದು, ಬುಷ್ ಹರಿದಿರೋದು. ಬುಷ್ ನೋಡಿ, ಶೋರೂಮ್ ಪೀಸು. ನೀವು ಗಾಡಿ ಓಡ್ಸೇ ಇಲ್ಲ ಅಂಕಲ್.’

ಅಪ್ಪನಿಗೆ ರಿಪೇರಿ ಮಾಡಿಸೋ ಆಸೆ. ಕೊರೆದು, ಸೀಲ್ ಹಾಕಿ, ಎಣ್ಣೆ ತುಂಬಿ, ವೆಲ್ಡ್ ಮಾಡಿ ಕೊಡೋಕೆ ಆಗಲ್ವಾ ಅಂತ ಚೌಕಾಸಿ ಶುರು ಮಾಡಿದರು. ಭಾಯ್ ಒಪ್ಪಲಿಲ್ಲ. ಲಾರಿಗಾದರೆ ಮಾಡಿಕೊಡ್ತೀನಿ, ಇದರೊಳಗೆ ಗ್ಯಾಸ್ ಇದೆ, ಕೊರೆದರೆ ಅದು ಹೋಗುತ್ತೆ, ಮೇಲಾಗಿ ರಾಡೇ ತುಕ್ಕು ಹಿಡಿದ ಮೇಲೆ ಹೊಸ ಸೀಲನ್ನೂ ವಾರದಲ್ಲಿ ಕೆರೆದು ಹಾಕುತ್ತೆ ಅಂದರು. ಎರಡೂ ಹೊಸದನ್ನೇ ತಂದು ಹಾಕಿಸಿದೆವು. ಒಂದು ಕಡೆಯದು ಮಾತ್ರ ಹಾಕಿಸಿದರೆ ಬ್ರೇಕ್ ಹಿಡಿದಾಗ, ತಿರುವಿನಲ್ಲಿ, ಕಾರು ಒಂದು ಮಗ್ಗುಲಿಗೆ ವಾಲುತ್ತೆ, ಆದ್ದರಿಂದ ಯಾವಾಗಲೂ ಜೋಡಿ. ಮುಂದಿನ ಎಡಗಡೆಯದರಲ್ಲಿ ಸ್ವಲ್ಪ ಮಂಜು ಇತ್ತು. ಅದನ್ನು ಒರೆಸಿ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ‘ಐನೂರು ಕಿಲೋಮೀಟರ್ ಓಡ್ಸಿ ನೋಡಿ, ಗೆರೆ ದಾಟಿ ಬಂದ್ರೆ ಬನ್ನಿ’ ಅಂದರು.

ಹದಿನೈದು ದಿನ ಬಿಟ್ಟು, ಕಣ್ಣಿನ ಡಾಕ್ಟರು ಒಪ್ಪಿದ ಮೇಲೆ ಊರಿಗೆ ಹೊರಟೆವು. ಅರಸೀಕೆರೆಯಲ್ಲಿ ಟೀ ಕುಡಿದು ವಾಪಸ್ ಬರುವಾಗ ಅಪ್ಪ ಸೀದಾ ಹೋಗಿ ಬಲಗಡೆ ಬಾಗಿಲು ತೆಗೆದು ಕೂತರು. ನಾನು ಕೀ ಕೊಟ್ಟೆ. ಊರು ದಾಟಿದ ಕೂಡಲೇ ಬಣ್ಣ ಬಳಿಯದ ಹಂಪು, ಹತ್ತಿರ ಹೋಗೋವರೆಗೂ ನನಗೇ ಕಾಣಲಿಲ್ಲ. ಅಪ್ಪ ಅದಕ್ಕೂ ಮುಂಚೆಯೇ ಎರಡನೇ ಗೇರಿಗೆ ಇಳಿಸಿದ್ದರು. ಹಿಂದಿನ ಚಕ್ರ ಹತ್ತಿ ಇಳಿಯಿತು. ಕಾರು ಒಂದೇ ಸಲಕ್ಕೆ ಕೂತಿತು.

‘ಆ ಗೆರೆ ಕಡೂರಲ್ಲಿ ಒಂದ್ಸಲ ನೋಡೋಣ’ ಅಂದು ಮೂರನೇ ಗೇರಿಗೆ ಹಾಕಿದರು.